ಸೊಸೆಯ ಮೇಲಿನ ದೂರು: ಮರೆವಿನ ಕಾಯಿಲೆಯ ಮನೆಯಲ್ಲಿ ‘ಕೆಟ್ಟ ಕುಟುಂಬ’ ಯಾರು?

ಭಾರತದ ಮುಪ್ಪನ್ನು ಕುರಿತು ಬರೆಯುವವರು ಲಾರೆನ್ಸ್ ಕೋಹೆನ್ ಅವರನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಈ ಅಮೆರಿಕನ್ ಮಾನವಶಾಸ್ತ್ರಜ್ಞರು ವಾರಾಣಸಿಯಲ್ಲಿ ಕ್ಷೇತ್ರಕಾರ್ಯ ಮಾಡಿ 1998ರಲ್ಲಿ ಪ್ರಕಟಿಸಿದ ‘ನೋ ಏಜಿಂಗ್ ಇನ್ ಇಂಡಿಯಾ’ ಗ್ರಂಥದ ಉಪಶೀರ್ಷಿಕೆಯಲ್ಲೇ ಆಲ್‌ಝೈಮರ್‌ ಜೊತೆಗೆ ‘ಕೆಟ್ಟ ಕುಟುಂಬ’ವೂ ಇದೆ. ಅವರ ವಾದ ಸ್ಥೂಲವಾಗಿ ಹೀಗೆ: ಇಲ್ಲಿ ವೃದ್ಧರ ಬುದ್ಧಿಭ್ರಮೆಯನ್ನು ಮಿದುಳಿನ ರೋಗವೆಂದು ಕಾಣುವುದಕ್ಕಿಂತ ಹೆಚ್ಚಾಗಿ, ಮಕ್ಕಳು ಸೇವೆ ಮಾಡದ್ದರ ಕುರುಹೆಂದು ಓದಲಾಗುತ್ತದೆ. ಕೂಡುಕುಟುಂಬ ಒಡೆಯಿತು, ಪಶ್ಚಿಮದ ಗಾಳಿ ತಾಗಿತು, ಹಿರಿಯರ ತಲೆ ಕೆಟ್ಟಿತು ಎಂಬ ಕಥನವನ್ನು ಅವರು ಒಪ್ಪಿಕೊಳ್ಳಲಿಲ್ಲ, ಬಿಚ್ಚಿ ತೋರಿಸಿದರು. ವಿಕ್ರಮ್ ಪಟೇಲ್ ಮತ್ತು ಮಾರ್ಟಿನ್ ಪ್ರಿನ್ಸ್ 2001ರಲ್ಲಿ ಪ್ರಕಟಿಸಿದ ಗೋವಾದ ಅಧ್ಯಯನದಲ್ಲೂ ಇದೇ ದನಿ ಕೇಳುತ್ತದೆ. ಜನ ಡಿಮೆನ್ಶಿಯಾದ ಲಕ್ಷಣಗಳನ್ನು ಗುರುತಿಸುತ್ತಿದ್ದರು. ಕಾರಣ ಕೇಳಿದರೆ ಮನೆಯವರ ಅಸಡ್ಡೆಯನ್ನೂ ಪ್ರೀತಿಯ ಕೊರತೆಯನ್ನೂ ಹೆಸರಿಸುತ್ತಿದ್ದರು.

ಉಳಿದ ವಿಷಯಗಳಲ್ಲಿ ಈಗ ಹೆಚ್ಚು ತಕರಾರಿಲ್ಲ. ಹಿರಿಯರಲ್ಲಿ ಡಿಮೆನ್ಶಿಯಾವನ್ನು ಅಳೆದ ಲಾಸಿ-ಡ್ಯಾಡ್ ಸಮೀಕ್ಷೆಯ ಅಂದಾಜಿನಂತೆ ದೇಶದ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಕೂಡುಕುಟುಂಬವಿದ್ದರೆ ಆರೈಕೆ ಹಗುರ ಎಂಬ ನಂಬಿಕೆಯನ್ನು ಡಿಮೆನ್ಶಿಯಾ ಕುರಿತ 10/66 ಸಂಶೋಧನಾ ತಂಡ 2004ರಲ್ಲೇ ಅಲುಗಿಸಿತು. ಭಾರತ, ಚೀನಾ, ಲ್ಯಾಟಿನ್ ಅಮೆರಿಕ ಮೊದಲಾದೆಡೆಯ 24 ಕೇಂದ್ರಗಳಿಂದ 706 ರೋಗಿಗಳ ಮಾಹಿತಿ ಕಲೆಹಾಕಿದ ಆ ತಂಡಕ್ಕೆ, ಮನೆಮಂದಿ ಹೆಚ್ಚಿದ್ದಲ್ಲಿ ನೋಡಿಕೊಳ್ಳುವವರ ಒತ್ತಡ ಒಂದಿಷ್ಟು ಕಡಿಮೆ ಎಂದು ಕಂಡದ್ದು ನಿಜ. ಆದರೆ ಒಟ್ಟಾರೆ ನೋಡಿದರೆ ಆ ಒತ್ತಡ ಶ್ರೀಮಂತ ದೇಶಗಳಲ್ಲಿ ಇರುವುದಕ್ಕಿಂತ ಕಡಿಮೆಯೇನೂ ಇರಲಿಲ್ಲ. ನೋಡಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಕೆ.ಎಸ್. ಶಾಜಿ ಮತ್ತು ಸಂಗಡಿಗರು ಕೇರಳದಲ್ಲಿ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಹತ್ತಿರ ಹೋಗಿ ನೋಡಿತು: ಅನೇಕ ಕಡೆ ಅವರು ರೋಗಿಯ ಸೊಸೆಯಂದಿರು.

ಈ ಲೇಖನದ ತಕರಾರು ಹುಟ್ಟುವುದು ಇಲ್ಲಿ. ಕೋಹೆನ್ ‘ಕುಟುಂಬ’ ಎನ್ನುವಾಗ ಅದು ಸಮಾಜ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಕಥೆ. ಆಧುನಿಕತೆಯ ಬಗೆಗಿನ ಅಳುಕು ಅದರೊಳಗೆ ಮಾತಾಡುತ್ತದೆ. ಆದರೆ ದೂರು ಹುಟ್ಟುವುದು ಸಮಾಜದ ಬಾಯಲ್ಲಿ ಅಲ್ಲ, ಅನೇಕ ವೇಳೆ ರೋಗಿಯ ಬಾಯಲ್ಲೇ. ಅದು ಬೀಳುವುದೂ ಇಡೀ ಕುಟುಂಬದ ಮೇಲಲ್ಲ, ಒಬ್ಬಳ ಮೇಲೆ.

ಒಂದು ಬೆಳಗನ್ನು ಗಮನಿಸಬಹುದು. ಒಂಬತ್ತಕ್ಕೆ ಉಪ್ಪಿಟ್ಟು ತಿಂದು, ಎರಡು ಸಲ ಕಾಫಿ ಕುಡಿದ ಅತ್ತೆ ಹತ್ತು ಗಂಟೆಗೆ ಪಕ್ಕದ ಮನೆಯಾಕೆಯನ್ನು ಕರೆದು, ‘ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ ಕಣಮ್ಮ’ ಎನ್ನುತ್ತಾರೆ. ಅವರು ಹೇಳುತ್ತಿರುವುದು ಸುಳ್ಳಲ್ಲ. ಆಲ್‌ಝೈಮರ್‌ನಲ್ಲಿ ಮೊದಮೊದಲು ಕೆಡುವುದು ಹೊಸ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಭಾಗ. ತಿಂದದ್ದು ಅಲ್ಲಿ ದಾಖಲಾಗಿಯೇ ಇರುವುದಿಲ್ಲ. ಬಳೆಯ ಕಥೆಯೂ ಹೀಗೇ. ಕಳ್ಳರ ಭಯಕ್ಕೆ ಬೇಳೆ ಡಬ್ಬಿಯಲ್ಲಿ ಬಚ್ಚಿಟ್ಟವರು ಅವರೇ, ಬಚ್ಚಿಟ್ಟದ್ದನ್ನು ಮರೆತವರೂ ಅವರೇ. ಬಳೆ ಇಲ್ಲ ಎಂದಮೇಲೆ ಯಾರೋ ತೆಗೆದಿರಬೇಕು. ಕೋಣೆಗೆ ಬರುವವರು ಯಾರು? ಸ್ನಾನ ಮಾಡಿಸುವವಳು, ಹಾಸಿಗೆ ಬದಲಿಸುವವಳು. ತರ್ಕ ಸರಿಯಾಗಿಯೇ ಇದೆ, ನೆನಪೊಂದು ಕೈಕೊಟ್ಟಿದೆ ಅಷ್ಟೆ. ಇದರ ಮೇಲೆ, ಹಳೆಯ ನೆನಪು ಮತ್ತು ಮಾತಿನ ಮರ್ಯಾದೆ ಬಹುಕಾಲ ಉಳಿದಿರುತ್ತವೆ. ಊರಿಂದ ಬಂದ ಮಗಳ ಮುಂದೆ ಅಮ್ಮ ಅರ್ಧ ಗಂಟೆ ಚೆನ್ನಾಗಿಯೇ ಮಾತಾಡುತ್ತಾರೆ. ಆಮೇಲೆ ನಾದಿನಿ ಅತ್ತಿಗೆಯ ಕಡೆ ತಿರುಗಿ ನೋಡುವ ನೋಟಕ್ಕೆ ಯಾವ ಸಮೀಕ್ಷೆಯಲ್ಲೂ ಕಾಲಂ ಇಲ್ಲ.

ಈ ಆಪಾದನೆ ಭಾರತದ್ದೇ ವಿಶೇಷವೇನಲ್ಲ. ಅಲೋಯಿಸ್ ಆಲ್‌ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಪರೀಕ್ಷಿಸಿದ ಮೊದಲ ರೋಗಿ ಅಗಸ್ಟೆ ಡಿ. ಅವರಲ್ಲಿ ಮೊದಲು ಕಂಡ ಲಕ್ಷಣಗಳಲ್ಲಿ ಒಂದು, ಗಂಡನ ಮೇಲಿನ ಸಂಶಯ. ಆಕೆಯೂ ವಸ್ತುಗಳನ್ನು ಬಚ್ಚಿಡುತ್ತಿದ್ದರು. ಜಪಾನಿನಲ್ಲಿ ಕಳವಿನ ಭ್ರಮೆ ಡಿಮೆನ್ಶಿಯಾದ ಬಹುಪರಿಚಿತ ಲಕ್ಷಣ. ಸವಾಕೊ ಅರಿಯೋಶಿಯವರು 1972ರಲ್ಲಿ ಬರೆದ, ಅಲ್ಲಿ ಭಾರೀ ಜನಪ್ರಿಯವಾದ ಕಾದಂಬರಿಯಲ್ಲಿ ಬುದ್ಧಿಭ್ರಮಣೆಯಾದ ಮಾವನ ಆರೈಕೆ ಬೀಳುವುದು ಸೊಸೆಯ ತಲೆಗೇ. ರೋಗ ಹತ್ತಿರದವರತ್ತ ಬೆರಳು ತೋರಿಸುತ್ತದೆ. ಫ್ರಾಂಕ್‌ಫರ್ಟ್‌ನ ವೈದ್ಯ ಅದನ್ನು ಲಕ್ಷಣವೆಂದು ಬರೆದುಕೊಂಡರು. ನಮ್ಮ ಪಡಸಾಲೆಯಲ್ಲಿ ಅದೇ ಮಾತು ಸಾಕ್ಷಿಯಾಗುತ್ತದೆ, ಏಕೆಂದರೆ ಸೊಸೆ ಅತ್ತೆಗೆ ಅನ್ನ ಹಾಕುವುದಿಲ್ಲವೆಂಬ ಕಥೆ ಅಲ್ಲಿ ರೋಗಕ್ಕಿಂತ ಮೊದಲೇ ಸಿದ್ಧವಾಗಿದೆ. ಹಾಗಾದರೆ ‘ಕೆಟ್ಟ ಕುಟುಂಬ’ ಡಿಮೆನ್ಶಿಯಾಕ್ಕೆ ಸಮಾಜ ಹೊರಗಿನಿಂದ ಅಂಟಿಸಿದ ಅರ್ಥ ಮಾತ್ರವಲ್ಲ. ಒಂದಂಶದಲ್ಲಾದರೂ ಅದು ಡಿಮೆನ್ಶಿಯಾದ ಲಕ್ಷಣದಿಂದಲೇ ಹೊಮ್ಮಿದ್ದು.

ಈ ಮಾತಿಗೆ ಮಿತಿಗಳನ್ನು ಹಾಕದೆ ಮುಂದುವರಿಯುವುದು ಸಲ್ಲದು. ಎಲ್ಲ ರೋಗಿಗಳೂ ಆಪಾದಿಸುವುದಿಲ್ಲ. ಅನೇಕರು ಸೊಸೆಯನ್ನೇ ‘ಅಮ್ಮ’ ಎಂದು ಕರೆಯುತ್ತ ಅವಳ ಸೆರಗು ಹಿಡಿದುಕೊಂಡೇ ಇರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅನ್ನ ಹಾಕದ ಮನೆಗಳೂ ಇವೆ. ಮರೆವಿರುವವರ ದೂರನ್ನೆಲ್ಲ ಲಕ್ಷಣವೆಂದು ಬದಿಗಿಟ್ಟರೆ ನಿಜವಾದ ಹಿಂಸೆಗೆ ಅದಕ್ಕಿಂತ ಒಳ್ಳೆಯ ಮರೆ ಬೇರೆ ಸಿಗದು. ಇಲ್ಲಿ ಹೇಳುತ್ತಿರುವುದು ಇಷ್ಟೇ: ದೂರು ಇದೆ ಎಂಬುದು ತಾನಾಗಿಯೇ ನಿರ್ಲಕ್ಷ್ಯದ ಪುರಾವೆಯಲ್ಲ. ತೂಕ, ಮೈಮೇಲಿನ ಗಾಯ, ಮಲಗಿ ಮಲಗಿ ಆದ ಹುಣ್ಣು, ಬಟ್ಟೆಯ ಸ್ಥಿತಿ ಇವೆಲ್ಲ ಬೇರೆಯಾಗಿ ನೋಡಬೇಕಾದ ಸಾಕ್ಷ್ಯಗಳು.

ವಾದಕ್ಕೆ ಪರೋಕ್ಷ ಬೆಂಬಲ ಗೋವಾದಿಂದಲೇ ಸಿಗುತ್ತದೆ. ಅಮಿತ್ ಡಾಯಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಜ್ಞರಲ್ಲದ ಆದರೆ ತರಬೇತಿ ಪಡೆದ ಸಲಹೆಗಾರರು ಮನೆಗೇ ಹೋಗಿ ಕಾಯಿಲೆ ಏನೆಂದು ತಿಳಿಸಿ, ರೋಗಿಯ ವರ್ತನೆಯನ್ನು ನಿಭಾಯಿಸುವ ಬಗೆ ಹೇಳಿಕೊಟ್ಟರು. ನೋಡಿಕೊಳ್ಳುವವರ ಮಾನಸಿಕ ಬೇಗುದಿ ಇಳಿಯಿತು, ರೋಗಿಯ ವರ್ತನೆಯಿಂದಾಗುವ ಸಂಕಟವೂ ಇಳಿಯಿತು. ಆರೈಕೆಯ ‘ಹೊರೆ’ಯ ಅಳತೆಯಲ್ಲಿ ಮಾತ್ರ ಸಂಖ್ಯಾಶಾಸ್ತ್ರ ಒಪ್ಪುವಂಥ ಇಳಿಕೆ ಕಾಣಲಿಲ್ಲ. ಒಗೆಯುವ ಬಟ್ಟೆ ಅಷ್ಟೇ ಇತ್ತು. ಬಹುಶಃ ‘ಇದು ಬೇಕೆಂದೇ ಮಾಡುತ್ತಿರುವುದಲ್ಲ’ ಎಂಬ ತಿಳಿವು ಮಾತಿನ ಮುಳ್ಳನ್ನು ಮೊಂಡಾಗಿಸಿತು. ಬಹುಶಃ ಎನ್ನಲು ಕಾರಣವಿದೆ: ಪ್ರಯೋಗಕ್ಕೆ ಸೇರಿದ 81 ಕುಟುಂಬಗಳಲ್ಲಿ ಕೊನೆಯವರೆಗೆ ಉಳಿದವು 59, ಮತ್ತು ಕಾರ್ಯಕ್ರಮದಲ್ಲಿ ತಿಳಿವಳಿಕೆಯ ಹೊರತಾಗಿ ಬೇರೆ ಅಂಶಗಳೂ ಇದ್ದವು.

ಕಾನೂನಿನ ಭಾಷೆ ಬೇರೊಂದು ತೊಡಕು ತೋರಿಸುತ್ತದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರಿಲ್ಲ. ಅವಳನ್ನೂ ಅಳಿಯನನ್ನೂ ಸೇರಿಸಹೊರಟ 2019ರ ತಿದ್ದುಪಡಿ ಮಸೂದೆ ಕಾಯ್ದೆಯಾಗಲಿಲ್ಲ. ಹೊಣೆಯ ಪಟ್ಟಿಯಲ್ಲಿ ಇಲ್ಲದವಳೇ ಹಾಸಿಗೆಯ ಪಕ್ಕದಲ್ಲಿರುವುದು, ದೂರು ಕೇಳುವುದೂ ಅವಳೇ.

ಕೋಹೆನ್ ಅವರ ಪರವಾಗಿ ಕನ್ನಡದಿಂದಲೇ ಉದಾಹರಣೆ ಕೊಡಬಹುದು. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತ್ ನಾಗ್ ಅಭಿನಯಿಸಿದ ವೆಂಕೋಬ ರಾವ್ ಮರೆವಿನ ಕಾಯಿಲೆಯಿಂದ ಆಶ್ರಮ ಸೇರಿದವರು; ಅಪ್ಪನ ಕಡೆ ಗಮನವಿಲ್ಲದ ಮಗ, ಕಳೆದುಹೋಗುವ ಅಪ್ಪ, ಪಶ್ಚಾತ್ತಾಪದ ಹುಡುಕಾಟ. ‘ಕೆಟ್ಟ ಕುಟುಂಬ’ದ ಕಥನಕ್ಕೆ ಇದಕ್ಕಿಂತ ಒಪ್ಪುವ ಮಾದರಿ ಬೇಕಿಲ್ಲ. ಆದರೆ ಆ ಮನೆಯಲ್ಲಿ ಸೊಸೆಯೇ ಇಲ್ಲ, ಹಾಗಾಗಿ ತಪ್ಪು ಮಗನ ಹೆಗಲಿಗೆ ಬರಲು ದಾರಿಯಾಯಿತು ಎಂದೂ ಓದಬಹುದು.

ಇತ್ಯರ್ಥವಾಗದ ಪ್ರಶ್ನೆಗಳಲ್ಲಿ ಎರಡನ್ನಾದರೂ ಹೇಳಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಂಬಳದ ಆರೈಕೆಯವಳು ಬಂದಮೇಲೆ ಬಳೆ ಕದ್ದ ಆಪಾದನೆ ಸೊಸೆಯಿಂದ ಅವಳಿಗೆ ವರ್ಗವಾಗುತ್ತದೆಯೆ? ಆಗುವುದಾದರೆ ಇಲ್ಲಿನ ವಾದ ಸೊಸೆತನದ್ದಲ್ಲ, ಬರೀ ಸಾಮೀಪ್ಯದ್ದು. ಎರಡನೆಯದು ಸಂಶೋಧನೆಯ ವಿಧಾನಕ್ಕೇ ಸೇರಿದ್ದು. 10/66 ಮತ್ತು ಲಾಸಿ-ಡ್ಯಾಡ್ ಎರಡರಲ್ಲೂ ರೋಗಿಯನ್ನು ಹತ್ತಿರದಿಂದ ಬಲ್ಲವರ ಸಂದರ್ಶನ ರೋಗ ಗುರುತಿಸುವ ಕ್ರಮದ ಭಾಗ. ಅತ್ತೆಯ ಮರೆವಿನ ಬಗ್ಗೆ ಸೊಸೆ ಹೇಳಿದ್ದನ್ನು ಅಲ್ಲಿ ಪುರಾವೆಯೆಂದು ಸ್ವೀಕರಿಸಲಾಗುತ್ತದೆ. ಅವಳ ಬಗ್ಗೆ ಅತ್ತೆ ಹೇಳಿದ್ದನ್ನು ಯಾವ ಶೀರ್ಷಿಕೆಯಡಿ ಬರೆದುಕೊಳ್ಳಬೇಕು ಎಂಬುದನ್ನು ಕ್ಷೇತ್ರ ಸಂಶೋಧಕರೇ ತೀರ್ಮಾನಿಸಬೇಕಿದೆ.