ಅಸಾಂಕ್ರಾಮಿಕ ರೋಗಗಳು: ಅಪಾಯಕಾರಿ ಅಂಶಗಳು ಮತ್ತು ಉಚಿತ ತಪಾಸಣಾ ಸೌಲಭ್ಯ

ಗಾಳಿ, ನೀರು, ಸೊಳ್ಳೆ ಅಥವಾ ಸ್ಪರ್ಶದ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡದೆ, ವರ್ಷಾನುಗಟ್ಟಲೆ ದೇಹದಲ್ಲಿ ನಿಧಾನವಾಗಿ ಬೆಳೆಯುವ ಕಾಯಿಲೆಗಳನ್ನು ಅಸಾಂಕ್ರಾಮಿಕ ರೋಗಗಳೆಂದು ಕರೆಯಲಾಗುತ್ತದೆ. ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಕ್ಯಾನ್ಸರ್ ಹಾಗೂ ದೀರ್ಘಕಾಲೀನ ಶ್ವಾಸಕೋಶದ ಕಾಯಿಲೆಗಳು ಇವುಗಳಲ್ಲಿ ಪ್ರಮುಖವಾದವು. ಭಾರತದಲ್ಲಿ 1990ರಲ್ಲಿ ಒಟ್ಟು ಮರಣಗಳ ಪೈಕಿ ಶೇಕಡ 37.9ರಷ್ಟು ಈ ರೋಗಗಳಿಂದ ಸಂಭವಿಸಿದ್ದು, 2016ರ ವೇಳೆಗೆ ಈ ಪ್ರಮಾಣವು ಶೇಕಡ 61.8ಕ್ಕೆ ಏರಿರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇತರ ಸಂಸ್ಥೆಗಳೊಡನೆ ಕೈಗೊಂಡ ರಾಜ್ಯವಾರು ಅಧ್ಯಯನವು ತೋರಿಸಿದೆ. ಸಕ್ಕರೆ ಕಾಯಿಲೆಯು ಅನುಕೂಲಸ್ಥರಿಗೆ ಬರುವ ಕಾಯಿಲೆ ಎಂಬ ಹಳೆಯ ಮಾತು ಈಗ ಸಲ್ಲುವುದಿಲ್ಲ. ಕೂಲಿ ಕಾರ್ಮಿಕರಲ್ಲಿಯೂ, ಸಣ್ಣ ಹಿಡುವಳಿದಾರರಲ್ಲಿಯೂ ಇದು ಕಂಡುಬರುತ್ತಿದ್ದು, ದುಡಿಯುವ ವ್ಯಕ್ತಿಯು ಹಾಸಿಗೆ ಹಿಡಿದಲ್ಲಿ ಇಡೀ ಕುಟುಂಬವು ಸಾಲಕ್ಕೆ ಸಿಲುಕುತ್ತದೆ.

ನೋವು ತೋರದ ಕಾಯಿಲೆ

ಅಧಿಕ ರಕ್ತದೊತ್ತಡ ಮತ್ತು ಮಧುಮೇಹಗಳ ನಿಜವಾದ ಅಪಾಯವೆಂದರೆ ಅವು ಆರಂಭದಲ್ಲಿ ಯಾವ ತೊಂದರೆಯನ್ನೂ ಕೊಡದಿರುವುದು. ತಲೆನೋವು, ತಲೆಸುತ್ತು ಬಂದರೆ ಮಾತ್ರ ಬಿ.ಪಿ. ಇದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ರಕ್ತದೊತ್ತಡವು ಹೆಚ್ಚಿರುವ ಬಹಳಷ್ಟು ಜನರಿಗೆ ಯಾವುದೇ ಲಕ್ಷಣವಿರುವುದಿಲ್ಲ. ಹೀಗಿರುವಾಗಲೇ ರಕ್ತನಾಳಗಳು, ಹೃದಯ, ಮೂತ್ರಪಿಂಡ ಹಾಗೂ ಕಣ್ಣುಗಳು ಒಳಗೊಳಗೆ ಹಾನಿಗೊಳ್ಳುತ್ತಿರುತ್ತವೆ. ಲಕ್ವ ಹೊಡೆದ ದಿನದಂದು ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರಕ್ತದೊತ್ತಡವನ್ನು ಅಳೆಸಿಕೊಳ್ಳುವವರು ಇಂದಿಗೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತದೊತ್ತಡವು ಹೆಚ್ಚಿರುತ್ತದೆ ಅಥವಾ ಅವರು ಅದಕ್ಕಾಗಿ ಔಷಧಿಯನ್ನು ಸೇವಿಸುತ್ತಿರುತ್ತಾರೆ.

ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸಲಾಗುತ್ತದೆ. ರಾತ್ರಿಯ ಊಟದ ನಂತರ ಏನನ್ನೂ ಸೇವಿಸದೆ ಬೆಳಿಗ್ಗೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಅಂಶವು 126 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅದು ಮಧುಮೇಹದ ಸೂಚನೆಯಾಗಿದ್ದು, ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ.

ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸುವುದು

ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದಾಗಿದೆ. ಎರಡು ಮೂರು ತಿಂಗಳು ಮಾತ್ರೆ ಸೇವಿಸಿ, ಪರೀಕ್ಷೆಯಲ್ಲಿ “ನಾರ್ಮಲ್” ಎಂದು ಬಂದ ಕೂಡಲೇ ಕಾಯಿಲೆ ವಾಸಿಯಾಯಿತೆಂದು ತಿಳಿದು ಔಷಧಿಯನ್ನು ಬಿಡುವವರ ಸಂಖ್ಯೆ ಕಡಿಮೆಯೇನಲ್ಲ. ಅಂಕಿಯು ಸರಿಯಾಗಿರುವುದು ಮಾತ್ರೆಯ ಫಲವಾಗಿಯೇ ಹೊರತು ಮಾತ್ರೆ ಬೇಡವೆಂಬುದರ ಗುರುತಲ್ಲ. ನಿಲ್ಲಿಸಿದ ನಂತರ ಒತ್ತಡವು ಪುನಃ ಏರುತ್ತದೆ, ಆದರೆ ಅದು ಏರಿದ್ದು ರೋಗಿಗೆ ತಿಳಿಯುವುದಿಲ್ಲ. ಒಮ್ಮೆ ಶುರುವಾದರೆ ಜೀವನಪರ್ಯಂತ ಬಿಡಲಾಗದು ಎಂಬ ಅಂಜಿಕೆಯಿಂದ ಔಷಧಿಯನ್ನೇ ಆರಂಭಿಸದಿರುವುದೂ ಉಂಟು. ಕನ್ನಡಕವನ್ನು ನಿತ್ಯ ಧರಿಸಲು ಯಾರೂ ಅಂಜುವುದಿಲ್ಲವಷ್ಟೆ. ತೂಕ ಇಳಿದು, ಉಪ್ಪು ಕಡಿಮೆಯಾದ ಕೆಲವರಲ್ಲಿ ಪ್ರಮಾಣವನ್ನು ತಗ್ಗಿಸಲು ಸಾಧ್ಯವಿದ್ದು, ಆ ತೀರ್ಮಾನವನ್ನು ವೈದ್ಯರೇ ಕೈಗೊಳ್ಳತಕ್ಕದ್ದು. ನೆರೆಹೊರೆಯವರ ಮಾತ್ರೆಯನ್ನು ತಂದು ಸೇವಿಸಬಾರದು.

ಅಪಾಯಕಾರಿ ಅಂಶಗಳು

ವಯಸ್ಸು ಮತ್ತು ವಂಶಪಾರಂಪರ್ಯವನ್ನು ಬದಲಾಯಿಸಲಾಗದು. ಬದಲಾಯಿಸಬಹುದಾದವುಗಳಲ್ಲಿ ತಂಬಾಕು ಮೊದಲನೆಯದು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡ 28.6ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು, ಸೇದುವವರಿಗಿಂತ (ಶೇ. 10.7) ಜಗಿಯುವವರು ಮತ್ತು ಹೊಗೆರಹಿತ ರೂಪದಲ್ಲಿ ಬಳಸುವವರು (ಶೇ. 21.4) ಎರಡು ಪಟ್ಟು. ಬಾಯಿ ಕ್ಯಾನ್ಸರ್ ನಮ್ಮಲ್ಲಿ ಹೆಚ್ಚಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸದಿದ್ದರೆ ತೊಂದರೆಯಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಹಿತವೆನಿಸದಿರಬಹುದು. ಆದರೂ ದಿನವಿಡೀ ಜಗಿಯುವವರು ಬಾಯಿಯನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟವಾಗುವುದು, ಇವುಗಳನ್ನು ಕಡೆಗಣಿಸಬಾರದು. ತಂಬಾಕನ್ನು ಬಿಡಲು ಇಚ್ಛಿಸುವವರು 1800-11-2356 ಶುಲ್ಕರಹಿತ ಸಂಖ್ಯೆಗೆ ಕರೆ ಮಾಡಿ ಸಲಹೆ ಪಡೆಯಬಹುದು.

ಉಪ್ಪನ್ನು ದಿನಕ್ಕೆ 5 ಗ್ರಾಂ.ಗಿಂತ, ಅಂದರೆ ಸುಮಾರು ಒಂದು ಚಹಾ ಚಮಚೆಗಿಂತ ಕಡಿಮೆ ಬಳಸುವಂತೆ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ಸಾರು, ಪಲ್ಯಗಳಿಗೆ ಹಾಕಿದ ಉಪ್ಪು ಮಾತ್ರ ಲೆಕ್ಕಕ್ಕೆ ಬರುತ್ತದೆಂದು ತಿಳಿಯಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಬೇಕರಿ ಖಾರ, ಚಿಪ್ಸ್ ಇವೆಲ್ಲವೂ ಸೇರಿಯೇ ಐದು ಗ್ರಾಂ. ಹಾಗೆಯೇ ರಾಗಿಯ ಬಗ್ಗೆ ಒಂದು ಮಾತು. ಪಾಲಿಶ್ ಮಾಡಿದ ಅಕ್ಕಿಗಿಂತ ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಹೆಚ್ಚು ಎಂಬುದು ನಿಜ. ಆದರೆ ಅದರಲ್ಲಿಯೂ ಬಹುಪಾಲು ಪಿಷ್ಟವೇ ಇರುವುದರಿಂದ, ಮಧುಮೇಹಿಗಳು ಮುದ್ದೆಯನ್ನು ಎಷ್ಟು ಬೇಕಾದರೂ ಉಣ್ಣಬಹುದೆಂಬುದು ಸರಿಯಲ್ಲ. ಮುದ್ದೆಯ ಗಾತ್ರವನ್ನು ಇಳಿಸಿ ಸೊಪ್ಪು, ಕಾಳು, ತರಕಾರಿಯನ್ನು ಹೆಚ್ಚಿಸುವುದು ಸೂಕ್ತ.

ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಿನ ನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ ವಯಸ್ಕರಿಗೆ ಅವಶ್ಯಕ. ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದ್ದಲ್ಲಿ ಎಚ್ಚರ ವಹಿಸಬೇಕು. ಮದ್ಯಪಾನ ಹಾಗೂ ಸೌದೆ ಒಲೆಯ ಹೊಗೆಯೂ ಅಪಾಯಕಾರಿ ಅಂಶಗಳೇ ಆಗಿವೆ.

ತಪಾಸಣೆ ಪಡೆಯುವ ವಿಧಾನ

30 ವರ್ಷ ಮೇಲ್ಪಟ್ಟ ಎಲ್ಲರೂ ತಪಾಸಣೆಗೆ ಅರ್ಹರು. ಯಾವುದೇ ಕಾಯಿಲೆ ಇಲ್ಲವೆನ್ನುವವರಿಗಾಗಿಯೇ ಈ ಸೌಲಭ್ಯವನ್ನು ರೂಪಿಸಲಾಗಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಭೇಟಿ ನೀಡಿ, ವಯಸ್ಸು, ತಂಬಾಕು ಮತ್ತು ಮದ್ಯ ಸೇವನೆ, ಸೊಂಟದ ಅಳತೆ, ದೈಹಿಕ ಶ್ರಮ, ಕುಟುಂಬದಲ್ಲಿ ಕಾಯಿಲೆಯ ಇತಿಹಾಸ ಇವುಗಳನ್ನು ನಮೂನೆಯಲ್ಲಿ ದಾಖಲಿಸಿ ಅಂಕ ನೀಡುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರಿಗೆ ತಪಾಸಣೆಯಲ್ಲಿ ಆದ್ಯತೆ ಇರುತ್ತದೆ. ಕಡಿಮೆ ಅಂಕ ಬಂದವರೂ ತಪಾಸಣೆ ಮಾಡಿಸಿಕೊಳ್ಳಬಹುದು. ಉತ್ತರಗಳನ್ನು ಮುಚ್ಚುಮರೆಯಿಲ್ಲದೆ ನೀಡಬೇಕೆಂದು ಕೋರಲಾಗಿದೆ. ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ಬಾಯಿ ಕ್ಯಾನ್ಸರ್ ಹಾಗೂ ಮಹಿಳೆಯರಲ್ಲಿ ಸ್ತನ ಮತ್ತು ಗರ್ಭಕಂಠ ಕ್ಯಾನ್ಸರ್ ತಪಾಸಣೆಯೂ ಇದರಲ್ಲಿ ಸೇರಿದೆ. ಮನೆ ಬಾಗಿಲಿಗೆ ತಪಾಸಣೆಯನ್ನು ಒಯ್ಯುವ ‘ಗೃಹ ಆರೋಗ್ಯ’ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾರಂಭಗೊಂಡು, ತದನಂತರ ಇತರ ಜಿಲ್ಲೆಗಳಿಗೆ ವಿಸ್ತರಣೆಯಾಗಿದೆ.

ಮನೆಗೆ ಭೇಟಿ ಆಗದಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ನಗರಗಳಲ್ಲಿ ನಮ್ಮ ಕ್ಲಿನಿಕ್, ಅಥವಾ ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಯ ಎನ್.ಸಿ.ಡಿ. ಕ್ಲಿನಿಕ್‌ಗೆ ನೇರವಾಗಿ ಹೋಗಬಹುದು. ಗುರುತಿನ ಚೀಟಿ, ದೂರವಾಣಿ ಸಂಖ್ಯೆ, ಹಿಂದಿನ ಚೀಟಿಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಯನ್ನು ಜೊತೆಗೆ ತರುವುದರಿಂದ ವೈದ್ಯರಿಗೆ ಅನುಕೂಲವಾಗುತ್ತದೆ. ಸಕ್ಕರೆ ಪರೀಕ್ಷೆಯ ದಿನ ಔಷಧಿಯನ್ನು ಬಿಟ್ಟು ಬರಬೇಕೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಮಾತ್ರೆ ಮುಗಿಯುವ ಒಂದು ವಾರ ಮುಂಚೆಯೇ ಕೇಂದ್ರಕ್ಕೆ ಬರಬೇಕು.

ಹೆಚ್ಚಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗೆ ಸೌಲಭ್ಯವಿದ್ದು, ತುರ್ತು ಸಂದರ್ಭಗಳನ್ನು ಹೊರತುಪಡಿಸಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಹಾಜರುಪಡಿಸಬೇಕು.

ಎದೆಯಲ್ಲಿ ಹಿಂಡಿದಂತಹ ನೋವು, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದು ಕಂಡುಬಂದರೂ ಕೂಡಲೇ 108ಕ್ಕೆ ಕರೆ ಮಾಡಬೇಕು. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಗಳೊಳಗೆ ಮಾತ್ರ ಸಾಮಾನ್ಯವಾಗಿ ನೀಡಲಾಗುತ್ತದಾದ್ದರಿಂದ, ಎಣ್ಣೆ ಉಜ್ಜುವುದರಲ್ಲಿ ಅಥವಾ ಬೆಳಗಾಗಲೆಂದು ಕಾಯುವುದರಲ್ಲಿ ಸಮಯ ಕಳೆಯದೆ, ಲಕ್ಷಣ ಆರಂಭವಾದ ವೇಳೆಯನ್ನು ಗುರುತಿಟ್ಟುಕೊಂಡು ವೈದ್ಯರಿಗೆ ತಿಳಿಸತಕ್ಕದ್ದು.