ಮುಂಬಯಿಯ ರಕ್ತ, ಗಿಬ್ಬನ್‌ನ ನೆಂಟಸ್ತಿಕೆ

ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿಯುವ ನಮಗೆ ಹಳಿಯ ಮೇಲಿನ ಅಪಘಾತ ಹೊಸ ಸುದ್ದಿಯಲ್ಲ. ಆದರೆ ಅಂಥದೊಂದು ಅಪಘಾತ ರಕ್ತದ ಚರಿತ್ರೆಯಲ್ಲಿ ಅಧ್ಯಾಯವೊಂದನ್ನು ತೆರೆಯಿತೆಂಬುದನ್ನು ಬಲ್ಲವರು ಕಡಿಮೆ.

ರೈಲು ಅಪಘಾತದ ಗಾಯಾಳು ಒಬ್ಬ, ಚೂರಿ ಇರಿತಕ್ಕೆ ಸಿಕ್ಕವನು ಇನ್ನೊಬ್ಬ. ಇಬ್ಬರ ರಕ್ತಕಣಗಳಲ್ಲೂ ಎ, ಬಿ ಗುರುತುಗಳಿರಲಿಲ್ಲ. ಹಾಗಾದರೆ ಓ ಗುಂಪೇ ಇರಬೇಕು. ಆದರೆ ಅವರ ಸೀರಂ ಓ ರಕ್ತವನ್ನೂ ಮುದ್ದೆಗಟ್ಟಿಸಿತು. ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಇದನ್ನು ವರದಿ ಮಾಡಿದರು. ಊರಿನ ಹೆಸರು ಮುಂಬಯಿಯಾದರೂ ಈ ರಕ್ತ ಇಂದಿಗೂ ‘ಬಾಂಬೆ’ಯೇ.

ಆ ವರದಿಯ ಲೇಖಕರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಅವರೂ ಇದ್ದರು. ಓ ಕಣಗಳನ್ನು ಮುದ್ದೆಗಟ್ಟಿಸುವ ಹಾವುಮೀನಿನ ಸೀರಂಗೆ ಫ್ಯೂಕೋಸ್ ಎಂಬ ಸಕ್ಕರೆ ಬೆರೆಸಿದರೆ ಅದರ ಶಕ್ತಿ ಕುಂದುತ್ತದೆಂದು ಅದೇ ವರ್ಷ ಅವರು ತೋರಿಸಿದರು. ರಕ್ತದ ಗುಂಪು ಎಂದರೆ ಕಣದ ಮೇಲಿನ ಸಕ್ಕರೆಯ ತುದಿ, ಅಷ್ಟೆ. ಫ್ಯೂಕೋಸ್ ಕೂಡಿದ ಸರಪಳಿಗೆ ಎಚ್ ಎಂದು ಹೆಸರು, ಅದೇ ಗೂಟ. ಅದಕ್ಕೆ ಒಂದು ಸಕ್ಕರೆ ಸೇರಿದರೆ ಎ, ಮತ್ತೊಂದು ಸೇರಿದರೆ ಬಿ, ಏನೂ ಸೇರದಿದ್ದರೆ ಓ. ಬಾಂಬೆ ರಕ್ತದಲ್ಲಿ ಗೂಟವೇ ಇಲ್ಲ. ಆದರೂ ಎ, ಬಿ ಜೀನುಗಳು ಒಳಗೆ ಸುಮ್ಮನೆ ಉಳಿದು ಮಕ್ಕಳಿಗೆ ದಾಟುತ್ತವೆ. ‘ಓ’ ಎಂದು ಬರೆಸಿಕೊಂಡ ತಾಯಿಗೆ ಎಬಿ ಮಗು ಹುಟ್ಟಬಹುದು. ಇದನ್ನರಿಯದ ಮನೆಯಲ್ಲಿ ಆ ಹೆಣ್ಣಿನ ಗತಿಯೇನು?

ಈ ಗುರುತುಗಳು ಮನುಷ್ಯಜಾತಿಗಿಂತ ಹಳೆಯವು. ಗೊರಿಲ್ಲಾಗಳಲ್ಲಿ ಬಿ, ಚಿಂಪಾಂಜಿಗಳಲ್ಲಿ ಎ ಮತ್ತು ಓ, ಗಿಬ್ಬನ್‌ಗಳಲ್ಲಿ ಎ ಮತ್ತು ಬಿ. ಎ, ಬಿಗಳನ್ನು ಕಟ್ಟುವ ಕಿಣ್ವಗಳ ನಡುವೆ ಇರುವುದು ನಾಲ್ಕೇ ಅಮೈನೋ ಆಮ್ಲಗಳ ವ್ಯತ್ಯಾಸವೆಂದು 1990ರಲ್ಲಿ ತಿಳಿಯಿತು. ಈ ಭೇದ ನಮಗೂ ಗಿಬ್ಬನ್‌ಗೂ ಸಮಾನ ಪೂರ್ವಜರಿಂದಲೇ, ಸುಮಾರು 2 ಕೋಟಿ ವರ್ಷಗಳಿಂದ, ಉಳಿದುಬಂದಿದೆಯೆಂದು 2012ರ ಅಧ್ಯಯನವೊಂದು ವಾದಿಸಿತು. ಹಾಗಾದರೆ ಎ ಗುಂಪಿನವನಿಗೆ ಈ ಒಂದು ಜೀನಿನ ಮಟ್ಟಿಗೆ ಬಿ ಗುಂಪಿನ ಒಡಹುಟ್ಟಿದವನಿಗಿಂತ ಗಿಬ್ಬನ್ನೇ ಹತ್ತಿರದ ನೆಂಟ. ರಕ್ತಸಂಬಂಧವೆಂದು ಹಿಗ್ಗುವ ನಮಗೆ ಇದು ಕೊಂಚ ಮುಜುಗರದ ವಿಷಯ. ಇನ್ನು ನಮ್ಮ ಕೋತಿಗಳಲ್ಲಿ ಈ ಸಕ್ಕರೆಗಳು ಜೊಲ್ಲಿನಲ್ಲುಂಟು, ಕೆಂಪುಕಣದ ಮೇಲಿಲ್ಲ. ಬಾಂಬೆ ರಕ್ತದವರೂ ಅದಿಲ್ಲದೆ ಆರೋಗ್ಯವಾಗಿಯೇ ಬಾಳುತ್ತಾರೆ.

ತೊಂದರೆ ಬರುವುದು ರಕ್ತ ಬೇಕಾದಾಗ. ಭಾರತದಲ್ಲಿ ಇವರು ಸುಮಾರು 10,000ಕ್ಕೆ ಒಬ್ಬರು. ಯುರೋಪಿನಲ್ಲಿ 10 ಲಕ್ಷಕ್ಕೆ ಒಬ್ಬರು. ಇವರಿಗೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಕಣಗಳನ್ನಷ್ಟೇ ಪರೀಕ್ಷಿಸಿದರೆ ಕಾರ್ಡಿನಲ್ಲಿ ‘ಓ’ ಎಂದೇ ಬೀಳುತ್ತದೆ. ಓ ಕಣಗಳ ಜೊತೆ ಸೀರಂ ಬೆರೆಸಿ ನೋಡಿದಾಗಲೇ ನಿಜ ಹೊರಬೀಳುವುದು.