ಗಂಧದೆಣ್ಣೆ ಲಂಡನ್ನಿಗೆ ಹೋದದ್ದು

ಮೈಸೂರು ಸಂಸ್ಥಾನದ ಶ್ರೀಗಂಧವನ್ನು ಒಂದು ಕಾಲದಲ್ಲಿ ಕೊಳ್ಳುವವರೇ ಹುಡುಕಿಕೊಂಡು ಬರುತ್ತಿದ್ದರು. ಸರ್ಕಾರ ಹರಾಜು ಹಾಕುತ್ತಿದ್ದ ಕೊರಡುಗಳಲ್ಲಿ ಹೆಚ್ಚಿನವು ಜರ್ಮನಿ ಸೇರಿ, ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾಗುತ್ತಲೇ ಆ ದಾರಿ ಮುಚ್ಚಿತು. ಗಂಧ ಕೋಠಿಗಳಲ್ಲೇ ಉಳಿಯತೊಡಗಿತು.

ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರ ಎಣ್ಣೆಯನ್ನು ಇಲ್ಲೇ ತೆಗೆಯಲು ನಿರ್ಧರಿಸಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಆರಂಭವಾಯಿತು. ಆದರೆ ಎಣ್ಣೆ ತೆಗೆದರಷ್ಟೇ ಸಾಕೆ? ಅದನ್ನು ಬಳಸುವ ಸುಗಂಧ ಹಾಗೂ ಔಷಧ ತಯಾರಕರು ಹೆಚ್ಚಾಗಿ ಇದ್ದುದು ಸಮುದ್ರದಾಚೆ. ಹೀಗಾಗಿ 1920ರ ದಶಕದಲ್ಲಿ ಸಂಸ್ಥಾನದ ಟ್ರೇಡ್ ಕಮಿಷನರ್ ಒಬ್ಬರು ಬೊಕ್ಕಸದ ಖರ್ಚಿನಲ್ಲಿ ಲಂಡನ್ನಿನಲ್ಲಿದ್ದರು. ಮೈಸೂರಿನ ಸರಕಿಗೆ ಗಿರಾಕಿಗಳನ್ನು ಹುಡುಕುವುದು ಅವರ ಕೆಲಸ.

ಇಂದು ಸರ್ಕಾರಗಳು ರಫ್ತುದಾರರ ನಿಯೋಗಗಳನ್ನು ಹೊರದೇಶಗಳಿಗೆ ಕಳುಹಿಸುವುದರ ಹಿಂದಿರುವುದೂ ಇದೇ ಪಾಠ. ಒಬ್ಬನೇ ಗಿರಾಕಿಯನ್ನು ನಂಬಿ ಕೂತರೆ, ದಾರಿ ಮುಚ್ಚಿದ ದಿನ ಗಂಧವೂ ಬರೀ ಸೌದೆ.